ಬಾಗಲೂರಿನ ಭಾಗಾಕಾರ

ಹುಣಸೆಬೀಜ ತಂದಿದ್ದೆ, ಹಾರ್ಲಿಕ್ಸ್ ಡಬ್ಬಿಯಲ್ಲಿ,
ಕೃಷ್ಣಗಿರಿಯ ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ.
ನಲವತ್ತೇಳು ಬೀಜ. ಇಪ್ಪತ್ತರಿಂದ ಭಾಗಿಸಿ, ಅಂದೆ.
ಪಾಪೇಶ ಎರಡು ಬೀಜ ಬಾಯಿಗೆ ಹಾಕಿಕೊಂಡ.
ಉಳಿದವರು ನನ್ನ ಮುಖ ನೋಡಿದರು,
ಬಸ್ಸು ಬಾರದ ದಿನ ರಸ್ತೆ ನೋಡುವ ಹಾಗೆ.

ಇಲ್ಲಿ ಲೆಕ್ಕಕ್ಕೆ ಮೂರು ಬಾಯಿ.
ಮನೆಯಲ್ಲಿ ಅಜ್ಜಿ ಎಣಿಸುವುದು ತೆಲುಗಿನಲ್ಲಿ,
ಅಂಗಡಿಯವನು ಚಿಲ್ಲರೆ ಕೊಡುವುದು ತಮಿಳಿನಲ್ಲಿ,
ಎರಡು ಕೋಣೆಯ ನಮ್ಮ ಶಾಲೆಯಲ್ಲಿ ಮಾತ್ರ
ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು.
ಮಗ್ಗಿಯವರೆಗೆ ಎಲ್ಲರೂ ಓಡಿ ಬರುತ್ತಾರೆ.
ರಾಗವಿದೆಯಲ್ಲ, ಅದೇ ಎಳೆದುಕೊಂಡು ಹೋಗುತ್ತದೆ.
ಭಾಗಾಕಾರಕ್ಕೆ ರಾಗವಿಲ್ಲ.
ಒಬ್ಬೊಬ್ಬರೇ ಇಳಿಯಬೇಕು,
ಮೆಟ್ಟಿಲು ಮೆಟ್ಟಿಲು, ಹಳೇ ಬಾವಿಗೆ ಇಳಿದ ಹಾಗೆ.

ಚೌಡೇಶ್ವರಿಯ ಬೆರಳ ತುಂಬ ಮುಳ್ಳು ಗೀರು.
ಬೆಲ್ಲು ಹೊಡೆಯುವ ತನಕ ಅಮ್ಮನ ಜೊತೆ
ಗುಲಾಬಿ ಶೆಡ್ಡಿನಲ್ಲಿ ಇರುತ್ತಾಳೆ, ಗೊತ್ತು,
ಗೊತ್ತಿಲ್ಲದವಳ ಹಾಗೆ ಹಾಜರಿ ಹಾಕುತ್ತೇನೆ.
"ಟೀಚರ್, ಇದು ಹೂವಾ?" ಅಂದಳು ಬೀಜ ತೋರಿಸಿ.
ಹೂವೇ ಅಂದುಕೋ.
ಅಷ್ಟೇ. ಅವಳ ಎರಡು ಕೈ
ನನ್ನನ್ನು ಬಿಟ್ಟು ಹೊರಟವು.
ಐದು, ಐದು, ಐದು, ಐದು,
ತಲೆ ಸಮ ಮಾಡಿ ತಟ್ಟಿ (ಬೀಜಕ್ಕೆಲ್ಲಿಯ ತಲೆ!)
ಇಲ್ಲದ ರಬ್ಬರ್ ಬ್ಯಾಂಡನ್ನು ಎರಡು ಸುತ್ತು ಸುತ್ತಿ
ಒಂದು ಕಟ್ಟು ಪಕ್ಕಕ್ಕೆ.
ಇನ್ನೊಂದು ಕಟ್ಟು ಪಕ್ಕಕ್ಕೆ.
"ಏಳು ಉಳೀಬೇಕು. ಐದೇ ಇದೆ,"
ಅಂದಳು, ಪಾಪೇಶನ ಕಡೆ ನೋಡದೆ.
ಅವನ ಕೆನ್ನೆ ಉಬ್ಬಿತ್ತು.

ಉಳಿದದ್ದಕ್ಕೆ ಏನನ್ನುತ್ತಾರೆ, ಹೇಳು?
ಶೇಷ ಅನ್ನಬೇಕಿತ್ತು.
"ನಾಳೆಗೆ," ಅಂದಳು.
ನಾಳೆಯ ಹದಿಮೂರು ಬಂದು ಸೇರುವ ತನಕ
ಏಳು ಹೂವು ತಣ್ಣನೆ ಕೋಣೆಯಲ್ಲಿ
ಬಕೆಟ್ಟಿನ ನೀರಲ್ಲಿ ನಿಂತಿರುತ್ತವಂತೆ.
ಇಪ್ಪತ್ತೆರಡು ವರ್ಷ ನಾನು
ಶೇಷದ ಕೆಳಗೆ ಗೆರೆ ಎಳೆದು
ಕೈ ಒರೆಸಿಕೊಂಡು ಬಂದವಳು.

ಸೊನ್ನೆಗೆ ಮಾತ್ರ ವಾರ ಹಿಡಿಯಿತು.
ಆರುನೂರ ಹದಿನೆಂಟನ್ನು ಆರರಿಂದ ಭಾಗಿಸಿದರೆ
ಇಡೀ ತರಗತಿಗೆ ಹದಿಮೂರು.
ಆರುನೂರು ಹೂವು, ಆರು ಬಕೆಟ್ಟು, ಬರೀ ಹದಿಮೂರಾ?
ಅಂದರೆ ನಗುತ್ತಾರೆ. ನಕ್ಕು, ಮತ್ತೆ ಹದಿಮೂರು.
"ಒಂದನ್ನ ಆರು ಜನಕ್ಕೆ ಕೊಡಕ್ಕಾಗಲ್ಲ, ಅದಕ್ಕೇ ಬಿಟ್ಟೆ,"
ಪಾಪೇಶನ ವಾದ.
ಕೊಡಕ್ಕಾಗದಿದ್ರೆ ಆಗಲಿಲ್ಲ ಅಂತ ಬರೀಬೇಕು ಕಣೋ,
ಸುಮ್ಮನೆ ದಾಟಬಾರದು.
ಹೇಳಿದ ಮೇಲೆ ನನ್ನ ಮಾತು
ನನ್ನ ಕಿವಿಯಲ್ಲೇ ಸ್ವಲ್ಪ ಹೊತ್ತು ಕೂತಿತು.
ಹಿಂದಿನ ಸಾಲಿನಿಂದ ಅಫ್ರೋಜ್ ಕೈ ಎತ್ತಿದ:
"ಹಾಜರೀಲಿ ಬರದೇ ಇರೋರಿಗೂ ಒಂದು ಮನೆ ಇರುತ್ತಲ್ಲ ಟೀಚರ್,
ಹಂಗಾ?"
ಹಂಗೇ.

ಫೆಬ್ರವರಿ. ಹಾಜರಿ ಪುಸ್ತಕದಲ್ಲಿ ಅಂಥ ಮನೆಗಳೇ ಹೆಚ್ಚು.
ಎಲ್ಲೋ ಯಾರೋ ಯಾರಿಗೋ
ಒಂದೇ ಒಂದು ಹೂವು ಕೊಡುವುದಕ್ಕೆ
ಇಲ್ಲಿ ಇಪ್ಪತ್ತಿಪ್ಪತ್ತು ಕಟ್ಟುತ್ತ ಕೂರುತ್ತಾರೆ.
ಚೌಡೇಶ್ವರಿಯೂ ನಾಲ್ಕು ದಿನ ಬರಲಿಲ್ಲ.

ಪರೀಕ್ಷೆಯ ದಿನ ಬಂದಳು.
ತೊಂಬತ್ತೊಂದು ಭಾಗಿಸು ಇಪ್ಪತ್ತು:
ಭಾಗಲಬ್ಧ ೪, ಶೇಷ ೧೧,
ಪಕ್ಕದಲ್ಲಿ ಸಣ್ಣಕ್ಷರದಲ್ಲಿ, ನಾಳೆಗೆ.
ಕೆಂಪು ಪೆನ್ನು ಹಿಡಿದು ಕೂತೆ.
ಹೆಡ್‌ಮಾಸ್ಟರು ಕೇಳಿಯೇ ಕೇಳುತ್ತಾರೆ.
ಅಂಕ ಪೂರ್ತಿ ಕೊಟ್ಟೆ, ಆ ಪದ ಮುಟ್ಟಲಿಲ್ಲ.

ಪಾಪೇಶನದು ಇನ್ನೂ ಹದಿಮೂರೇ.
ಆದರೆ ಕಾಗದವನ್ನು ಕಿಟಕಿಗೆ ಹಿಡಿದು ನೋಡಿದೆ:
ಒಂದಕ್ಕೂ ಮೂರಕ್ಕೂ ನಡುವೆ
ದುಂಡಗೆ ಏನೋ ಬರೆದು
ಉಗುಳು ಹಚ್ಚಿ ಉಜ್ಜಿದ ಗುರುತು,
ಹೆಚ್ಚುಕಡಿಮೆ ತೂತಾಗುವಷ್ಟು.