ಬದಲಿ ಪಿರಿಯಡ್ಡಿನ ಪುಸ್ತಕ

ಬೀರುವಿನ ಕೀಲಿಕೈ ಮೇಜಿನ ಮೇಲಿಟ್ಟು
ಹೋಗಿಯೇಬಿಟ್ಟರು ಸುಕೀರ್ತಮ್ಮ.
ಅರಸೀಕೆರೆಯ ಕೊಬ್ಬರಿ ಮಂಡಿ ಹಿಂದಿನ ಈ ಮಿಷನ್ ಶಾಲೆಗೆ
ಇವತ್ತಿನಿಂದ ನಾನು ಹೆಡ್ಮಾಸ್ಟರು, ಸದ್ಯಕ್ಕೆ ಪ್ರಭಾರ.
ಕುರ್ಚಿಯ ಬೆನ್ನಿಗೆ ಅವರ ಟವೆಲ್ಲು ಇನ್ನೂ ಇದೆ,
ತೆಗೆಯಲು ಯಾರಿಗೂ ಧೈರ್ಯವಿಲ್ಲ.

ಅವರಿಗೂ ಮುಂಚಿನವರ ಕಾಲ ನೆನಪಿದೆ:
ಎಂಟೂವರೆಗೆ ಸ್ಟಾಫ್ ರೂಮಿನಲ್ಲಿ ಪ್ರಾರ್ಥನೆ,
ಬಂದವರದು ಸಹಿ, ಬಾರದವರಿಗೆ ಕೆಂಪು ಗೆರೆ,
ಮೂರು ಗೆರೆಗೆ ಒಂದು ರಜೆ ಕಟ್.
ಮೈಸೂರು ಪ್ಯಾಸೆಂಜರ್ ತಡವಾದ ದಿನ
ಹಾಸನದಿಂದ ಬರುವ ಹಿಂದಿ ಟೀಚರ್ ಎಸ್ತೇರಮ್ಮ
ಹೊಸ್ತಿಲಾಚೆಯೇ ನಿಲ್ಲುತ್ತಿದ್ದರು, ಏದುಸಿರು ಬಿಡುತ್ತ.
ದೇವರೂ ಅಲ್ಲೇ ನಿಂತಿರುತ್ತಿದ್ದನೇನೋ,
ಒಳಗೆ ನಾವು ಅವನನ್ನು ಕೂಗಿ ಕರೆಯುವಾಗ.

ಸುಕೀರ್ತಮ್ಮ ಬಂದ ವಾರವೇ ಆ ರಿಜಿಸ್ಟರು
ಬಿಸಿಯೂಟದ ಒಲೆ ಸೇರಿತೆಂದು ಪ್ಯೂನ್ ದಾವೀದಪ್ಪ ಹೇಳುತ್ತಾನೆ.
ನಾನು ಕಂಡಿಲ್ಲ. ಕಂಡದ್ದು ಇಷ್ಟು:
ಒಂದು ಗುರುವಾರ, ಕೊನೇ ಪಿರಿಯಡ್ಡು,
ಏಳನೇ ಕ್ಲಾಸಿನ ಬಾಗಿಲಲ್ಲಿ ಅವರು.
"ಭಾಗಾಕಾರ ತಾನೆ? ನಾನು ಮಾಡ್ತೀನಿ, ನೀನು ಹೋಗು."
"ಎಲ್ಲಿಗೆ ಮೇಡಂ?"
"ಮ್ಯಾಪ್ ರೂಮಿಗೆ. ಕುರ್ಚಿ ಇದೆ, ಕಿಟಕಿ ಇದೆ."
"ಹೋಗಿ ಏನು ಮಾಡ್ಲಿ?"
"ಅದನ್ನ ನಾನು ಹೇಳೋಕಾಗುತ್ತಾ?"

ಆ ವರ್ಷ ನನ್ನ ಮನೆಯಲ್ಲಿ ಯಾರೂ ಸತ್ತಿರಲಿಲ್ಲ,
ಕಳೆದುಕೊಂಡದ್ದೂ ಏನಿಲ್ಲ.
ಕೊಳವೆಬಾವಿ ಕೆಮ್ಮುತ್ತದಲ್ಲ, ಒಂದು ಬೆಳಿಗ್ಗೆ ಸುಮ್ಮನೆ,
ಗುಟುಕು ಕೆಸರು, ಆಮೇಲೆ ಬರೀ ಗಾಳಿ,
ಹಾಗೆ.
ಭಾನುವಾರ ಎದ್ದು ನಿಲ್ಲುತ್ತಿದ್ದೆ, ಕೂರುತ್ತಿದ್ದೆ,
ಮಕ್ಕಳಿಗೆ ವಾಕ್ಯ ಬಾಯಿಪಾಠ ಮಾಡಿಸುತ್ತಿದ್ದೆ
ಹದಿಮೂರರ ಮಗ್ಗಿಯ ಹಾಗೆ, ತಪ್ಪಿಲ್ಲದೆ.

ಮ್ಯಾಪ್ ರೂಮಿನಲ್ಲಿ ಸುರುಳಿ ಸುತ್ತಿದ ಏಷ್ಯಾ,
ಕಾಲು ಮುರಿದ ಗ್ಲೋಬು,
ಆಚೆ ಯಾರ್ಡಿನಲ್ಲಿ ಶಂಟಿಂಗ್ ಎಂಜಿನ್ನು
ಮುಂದೆ ಹೋಗಿ, ಹಿಂದೆ ಬಂದು, ಮುಂದೆ ಹೋಗಿ.
ಮೊದಲ ನಾಲ್ಕು ಗುರುವಾರ ನಿದ್ದೆ ಹೊಡೆದೆ.
ಐದನೆಯದಕ್ಕೆ ಕದ್ದು ಉತ್ತರಪತ್ರಿಕೆ ತಿದ್ದುತ್ತ ಕೂತಾಗ
ಸಿಕ್ಕಿಬಿದ್ದೆ.
"ಇದಕ್ಕಿಂತ ನಿದ್ದೆಯೇ ವಾಸಿ ಕಣಪ್ಪ" ಎಂದು
ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ನಡೆದರು.
ಮರುದಿನ ನೋಡಿದರೆ ಪೂರ್ತಿ ತಿದ್ದಿತ್ತು,
ಎರಡು ಕಡೆ ಕೂಡಿದ್ದು ತಪ್ಪು.

ಮತ್ತೆ ಲೆಂಟಿನ ದಿನಗಳಲ್ಲಿ ಒಮ್ಮೆ
ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಒಳಗೆ ಬಾರದೆ:
"ನನಗೂ ಗೋಡೆ ಜೊತೆ ಮಾತಾಡಿದ ಹಾಗಾಗ್ತಿದೆ ಈಚೆಗೆ.
ನನಗೋಸ್ಕರ ಒಂದು ಮಾತು ಕೇಳ್ತೀಯಾ, ಅವನ ಹತ್ರ?"
ನಾನು! ಒಣಗಿದ ಪೈಪು!
ಏನಂದೆನೋ, ಎರಡೇ ಸಾಲು, ತೊದಲಿದೆ.
ಗಂಟಲಲ್ಲಿ ಒದ್ದೆಯಾದದ್ದು ಮಾತ್ರ ನಿಜ.

ಈಗ ಬೀರುವಿನಲ್ಲಿ ಈ ಪುಸ್ತಕ, ಖಾಕಿ ರಟ್ಟಿನದು.
ಯಾರ ಬದಲಿಗೆ ಯಾವ ಪಿರಿಯಡ್ಡು, ಹದಿನಾಲ್ಕು ವರ್ಷ,
ಅಂಚಿನಲ್ಲಿ ಪೆನ್ಸಿಲ್ಲು:
ಎಸ್ತೇರಮ್ಮ, ಅತ್ತೆಗೆ ಡಯಾಲಿಸಿಸ್, ರೈಲು ಪಾಸು ಮುಗಿದಿದೆ.
ಡ್ರಿಲ್ ಮಾಸ್ಟರು, ಸಿಟ್ಟು ಮಕ್ಕಳ ಮೇಲಲ್ಲ.
ಸತ್ಯಮಿತ್ರ, ಲೆಕ್ಕ: ಹಾಡುವಾಗ ತುಟಿ ಆಡುತ್ತಿಲ್ಲ.
ಕೇಳಬಾರದು. ಕಾಯಬೇಕು.

ನನ್ನ ಹೆಸರಿನ ಮುಂದೆ ಮೂವತ್ತೊಂದು ಗುರುವಾರ.

ಇವತ್ತೂ ಗುರುವಾರ.
ಹೊಸದಾಗಿ ಬಂದ ಕನ್ನಡದ ಹುಡುಗಿ ರೂಪವತಿ
ಬೆಳಗಿನ ಪ್ರಾರ್ಥನೆಯಲ್ಲಿ ಫ್ಯಾನು ನೋಡುತ್ತಿದ್ದಳು.
ಸೀಮೆಸುಣ್ಣ ಹಿಡಿದು ಒಂಬತ್ತನೇ ಕ್ಲಾಸಿನ ಬಾಗಿಲಿಗೆ ಹೋದೆ.
"ಸಂಧಿ ತಾನೆ? ನಾನು ಮಾಡ್ತೀನಿ."
"ಸರ್, ನಿಮಗೆ ಬರುತ್ತಾ?"
ಬರುವುದಿಲ್ಲ. ಮಕ್ಕಳೇ ಹೇಳಿಕೊಟ್ಟರು:
ಒಂದಕ್ಷರದ ಜಾಗಕ್ಕೆ ಇನ್ನೊಂದು ಬಂದು ನಿಂತರೆ
ಅದು ಆದೇಶ.
ಆದೇಶವೆಂದರೆ ಮೇಲಿನಿಂದ ಬರುವ ಸುತ್ತೋಲೆ ಎಂದು
ಇಷ್ಟು ವರ್ಷ ನಂಬಿದ್ದೆ ನಾನು.

"ಇನ್ನೊಂದು ಉದಾಹರಣೆ ಬರೀರಿ ಸಾರ್" ಎಂದ ಹಿಂದಿನ ಬೆಂಚಿನವನು.