ಮೂರು ದಿನದ ಮಂಡಳಿ

ಸಾವಿರದೆಂಟುನೂರಾ ಮೂವತ್ನಾಲ್ಕು, ನವೆಂಬರ್.
ಪ್ಯಾರಿಸ್ಸಿನಲ್ಲಿ ಒಂದು ಮಂತ್ರಿಮಂಡಲ
ಮೂರೇ ದಿನಕ್ಕೆ ರಾಜೀನಾಮೆ ಬರೆಯಿತು.
ಬನಹಟ್ಟಿಯ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ
ಇದೊಂದು ಸಾಲು ಹೇಳಿ ಹುಡುಗರನ್ನು ನಗಿಸಿದ್ದೇನೆ.
ಪರೀಕ್ಷಾಕ್ಕ ಬರೂದಿಲ್ಲ, ಬರಕೋಬ್ಯಾಡ್ರಿ, ಅಂದಿದ್ದೇನೆ.

ಆಮೇಲೆ ನಮ್ಮ ನೇಕಾರರ ಸಂಘದ ಚುನಾವಣೆ.
ಕೊಣ್ಣೂರರ ಕಡೆ ಆರು, ಬಾಗಿಯವರ ಕಡೆ ಆರು,
ಹದಿಮೂರನೆಯವ ನಾನು.
ಮಗ್ಗ ಮಾರಿ ವರ್ಷಗಳಾಗಿದ್ದರೂ
ಅಪ್ಪನ ಶೇರು ನನ್ನ ಹೆಸರಿಗೆ ಉಳಿದಿತ್ತು.
ರಾತ್ರಿ ಹನ್ನೊಂದಕ್ಕೆ ಇಬ್ಬರೂ ಬಂದರು,
ಬೇರೆ ಬೇರೆ ಬೈಕಿನಲ್ಲಿ, ಮಾತು ಮಾತ್ರ ಒಂದೇ:
“ನಿಮ್ಮನ್ನ ಯಾರೂ ಬ್ಯಾಡ ಅನ್ನೂದಿಲ್ರಿ ಸರ.”
ಬೇಕು ಅನ್ನುವವರೂ ಇಲ್ಲ ಎಂಬುದನ್ನು
ಒಳಗಿನಿಂದ ಹೆಂಡತಿಯ ಕೆಮ್ಮು ಹೇಳಿತು.

ಮೊದಲ ದಿನ ಎರಡು ಹಾರ.
ಯಾವುದನ್ನು ಮೊದಲು ಹಾಕಿಕೊಂಡರೂ ಇನ್ನೊಂದು ಮುನಿಯುತ್ತದೆ;
ಎರಡನ್ನೂ ಮೇಜಿನ ಮೇಲಿಟ್ಟೆ.
ಕುರ್ಚಿಯ ಮೇಲೆ ಹಿಂದಿನ ಅಧ್ಯಕ್ಷರ ಟವೆಲ್ಲು.
ಮಡಚಿಡಲು ಧೈರ್ಯವಾಗದೆ ಅದರ ಮೇಲೇ ಕೂತೆ.

ಎರಡನೆಯ ದಿನ ನೂಲಿನ ದರ.
ಇವರಿಗೆ ಏರಬೇಕು, ಅವರಿಗೆ ಇಳಿಯಬೇಕು;
ನಾನು ಹಳೆಯ ದರವನ್ನೇ
ದುಂಡಗಿನ ಅಕ್ಷರದಲ್ಲಿ ಹೊಸದಾಗಿ ಬರೆದೆ.
ಹಾವು ಸಾಯಬಾರದು, ಕೋಲು ಮುರಿಯಬಾರದು:
ಆ ಗಾದೆ ಕಟ್ಟಿದವನು
ಕೋಲನ್ನು ಒಂದು ಮಾತು ಕೇಳಿರಲಿಕ್ಕಿಲ್ಲ.
ಚಹಾ ಬರುವ ನಡುವೆ ಸಿಪಾಯಿ ಒಂದು ಕಾಗದ ಸರಿಸಿದ.
ಸಸಾಲಟ್ಟಿ ನಾಗವ್ವನ ಮಜೂರಿ, ಏಳು ತಿಂಗಳಿಂದ ತಡೆದದ್ದು.
ಯಾವ ಬಣವೂ ನೋಡುತ್ತಿರಲಿಲ್ಲ. ಸಹಿ ಹಾಕಿದೆ.

ಮೂರನೆಯ ದಿನ ಹತ್ತೂವರೆಗೆ
ಆರೂ ಆರೂ ಕೂಡಿ ಹನ್ನೆರಡಾಗಿ ಬಂದರು.
ಜಮಖಂಡಿ ರಸ್ತೆಯ ಧಾಬಾದಲ್ಲಿ ರಾಜಿಯಾಗಿತ್ತಂತೆ.
ಕೊಣ್ಣೂರರು ಕಾಗದ ಕೊಟ್ಟರು, ಬಾಗಿಯವರು ಪೆನ್ನು.
“ನಿಮ್ಮ ತಬ್ಯೇತ ಬರೋಬರಿ ಇಲ್ಲಲ್ರಿ ಸರ.”
ತಬ್ಯೇತು ಬರೋಬರಿ ಇತ್ತು.
ಇಲ್ಲವೆಂದು ಬರೆದೆ.

ಪ್ಯಾರಿಸ್ಸಿನ ಆ ಮುದುಕ ಮಂತ್ರಿ ಮನೆಗೆ ಹೇಗೆ ಹೋದನೋ,
ಗಾಡಿಯವ ಬಾಡಿಗೆ ಮುಂಗಡ ಕೇಳಿದನೋ,
ಪುಸ್ತಕದಲ್ಲಿಲ್ಲ.
ನಾನು ಪೇಟೆಯ ದಾರಿ ಬಿಟ್ಟು
ಬಣ್ಣ ಹಾಕುವವರ ಗಲ್ಲಿಯಿಂದ ಬಂದೆ.
ಗಟಾರದಲ್ಲಿ ಅಂದು ಹಸಿರು ನೀರು.
ಎರಡೂ ಬದಿಗೆ ಮಗ್ಗಗಳ ಖಟಪಟ,
ಯಾರ ಆಳ್ವಿಕೆಯೆಂದು ಕೇಳದೆ.

ನಾಗವ್ವ ಹೊಸ್ತಿಲಲ್ಲಿ ಕಂಡಿಕೆ ಸುತ್ತುತ್ತಿದ್ದಳು.
ಕೈ ನಿಲ್ಲಿಸದೇ ಕೂಗಿದಳು:
“ರೊಕ್ಕ ಬಂತ್ರಿ, ಅಧ್ಯಕ್ಷರ!”

ಇಪ್ಪತ್ತೆಂಟು ವರ್ಷ ತಪ್ಪು ತಿದ್ದಿದವ
ಇದೊಂದನ್ನು ತಿದ್ದಲಿಲ್ಲ.