ಮುರಿದ ಸೂಜಿಯ ರಿಜಿಸ್ಟರು

ಸೂಜಿ ಮುರಿದರೆ ನಮ್ಮ ಫ್ಲೋರಿನಲ್ಲಿ
ಮಷೀನು ನಿಲ್ಲುತ್ತದೆ.
ಸೂಪರ್‌ವೈಸರ್ ಪಳನಿ ಆಯಸ್ಕಾಂತ ಹಿಡಿದು ಬರುತ್ತಾನೆ.
ಮೊನೆ, ಕಣ್ಣು, ನಡುವಿನ ಚೂರು
ಎಲ್ಲ ಸಿಗಬೇಕು.
ಸಿಕ್ಕಿದ್ದನ್ನು ಜೋಡಿಸಿ, ಟೇಪು ಹಾಕಿ
ರಿಜಿಸ್ಟರಿಗೆ ಅಂಟಿಸಬೇಕು:
ತಾರೀಖು, ವೇಳೆ, ಲೈನು ಏಳು,
ಟೈಲರ್ ಹೆಸರು ಸಾಕಮ್ಮ, ಕೆಳಗೆ ನನ್ನ ಸಹಿ.
ಆಮೇಲೇ ಹೊಸ ಸೂಜಿ.

ಒಂದು ಚೂರು ಸಿಗದಿದ್ದರೂ
ಆ ಹೊತ್ತಿನ ಅಂಗಿಗಳೆಲ್ಲ ಪಕ್ಕಕ್ಕೆ.
ಯಾವುದೋ ದೇಶದ ಮಗುವಿನ ಕತ್ತಿಗೆ
ಚುಚ್ಚೀತು ಅಂತ.
ಒಳ್ಳೆಯದೇ. ಮಗು ಯಾರದಾದರೇನು.
ಟಾರ್ಗೆಟ್ಟು ತಪ್ಪಿ ಬೈಸಿಕೊಂಡ ದಿನವೂ
ನನಗೆ ಆ ರಿಜಿಸ್ಟರಿನ ಮೇಲೆ ಸಿಟ್ಟಿರಲಿಲ್ಲ.

ನನ್ನ ಕೆಲಸ ಲೇಬಲ್ಲು.
ಅಂಗಿಯ ಎಡಮಗ್ಗುಲ ಹೊಲಿಗೆಯೊಳಗೆ
ಹೆಬ್ಬೆರಳಗಲದ ಬಿಳಿ ಪಟ್ಟಿ:
ಹತ್ತಿ ಅರವತ್ತು, ಪಾಲಿಯೆಸ್ಟರ್ ನಲವತ್ತು,
ಬಿಸಿನೀರು ಬೇಡ, ಬೆಂಕಿಯಿಂದ ದೂರ.
ಗಂಟೆಗೆ ನೂರಿಪ್ಪತ್ತು.
ಇಂಗ್ಲಿಷು ಬರದಿದ್ದರೂ ಅಷ್ಟನ್ನು ಮಾತ್ರ
ಕಣ್ಣು ಮುಚ್ಚಿ ಓದುತ್ತೇನೆ.

ಯುಗಾದಿ ಮುಗಿದ ವಾರ ಶುರುವಾಯಿತು.
ಮೂರನೇ ದಿನಕ್ಕೆ ತೊಡೆಸಂದು ಕೆಂಡ.
ಸ್ಟೂಲಿನ ಮೇಲೆ ಒಂದು ಕಡೆ ವಾಲಿ ಕೂತು ಹೊಲಿದೆ,
ಹೊಲಿಗೆಯೂ ವಾಲಿತು.
ಬಿಸಿಲಿಗೆ ಅಂದುಕೊಂಡೆ, ಒಗೆಯೋ ಸೋಪಿಗೆ ಅಂದುಕೊಂಡೆ.
ಬಾತ್‌ರೂಮಿಗೆ ಟೋಕನ್ನು ದಿನಕ್ಕೆರಡು,
ಬೆಳಿಗ್ಗೆಯದೇ ಸಂಜೆಯವರೆಗೆ. ಅದಕ್ಕೇ,
ತಪ್ಪು ನನ್ನದೇ ಅಂದುಕೊಂಡೆ.
ಇಎಸ್‌ಐ ಡಾಕ್ಟರಮ್ಮ ಮುಲಾಮು ಬರೆಯುತ್ತ ಕೇಳಿದರು:
"ಯಾವುದು ಬಳಸ್ತೀಯ?"
"ಹೊಸದು. ಮಲ್ಲಿಗೆ ವಾಸನೇದು."
"ಒಳಗೆ ಏನೇನಿದೆ ಬರೆದಿದೆಯಾ?"

ಲಗ್ಗೆರೆಯ ಮನೆಯಲ್ಲಿ ಪ್ಯಾಕೆಟ್ಟು ತಿರುಗಿಸಿ ಓದಿದೆವು,
ನಾನೂ ಪಕ್ಕದ ಮನೆ ಜಬೀನಳೂ.
ಒಂದು ಹೂವು. ಓಡುತ್ತಿರುವ ಹುಡುಗಿ.
ಬೆಲೆ. ತಣ್ಣಗಿನ ಒಣ ಜಾಗದಲ್ಲಿಡಿ.
ಜಬೀನ ಬಿಸ್ಕತ್ತಿನ ಪೊಟ್ಟಣ ತಂದು ಪಕ್ಕಕ್ಕಿಟ್ಟಳು:
ಗೋಧಿಹಿಟ್ಟು, ಸಕ್ಕರೆ, ಎಣ್ಣೆ, ಉಪ್ಪು, ಹಸಿರು ಚುಕ್ಕೆ.
"ಬಾಯಿಗೆ ಹೋಗೋದಕ್ಕೆ ಲೆಕ್ಕ ಇದೆ ನೋಡು," ಅಂದಳು.
ಮುಂದಿನದನ್ನು ಅನ್ನಲಿಲ್ಲ. ನಕ್ಕೆವು.
ನಗುವಾಗಲೂ ಉರಿಯಿತು.

ಹಿಂಬದಿಯಲ್ಲಿ ಒಂದು ನಂಬರಿತ್ತು. ಊಟದ ಬಿಡುವಿನಲ್ಲಿ
ಪೀಣ್ಯದ ನಮ್ಮ ಟೆರೇಸಿನ ಟ್ಯಾಂಕಿನ ಮರೆಗೆ ನಿಂತು ಒತ್ತಿದೆ.
ಹಾಡು ಬಂತು. ಕನ್ನಡಕ್ಕೆ ಮೂರು ಬಂತು.
ಕೊನೆಗೊಬ್ಬ ಹುಡುಗಿ ಬಂದಳು.
"ಬ್ಯಾಚ್ ನಂಬರ್ ಹೇಳಿ ಮೇಡಂ."
ಬ್ಯಾಗಿನಲ್ಲಿ ಊಟದ ಡಬ್ಬಿಗೆ ಉಜ್ಜಿ ಉಜ್ಜಿ
ಅದು ಅಳಿಸಿಹೋಗಿತ್ತು.
"ಹಾಗಾದರೆ ದೂರು ದಾಖಲಾಗಲ್ಲ ಮೇಡಂ."
ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ದನಿ ತಗ್ಗಿಸಿ,
"ಅಕ್ಕಾ, ನಂಗೂ ಹಂಗೇ ಆಗಿತ್ತು. ಬಿಟ್ಬಿಡಿ ಅದನ್ನ."
ಅವಳ ಕಿಟಕಿಯಾಚೆ ಮೆಟ್ರೋ ಹೋದ ಸದ್ದು.
ಅರೆನಿಮಿಷ ಬಿಟ್ಟು ನನ್ನೆದುರೂ
ಅದೇ ರೈಲು.

ಭಾನುವಾರ ರಾತ್ರಿ, ಹೊಲಿಗೆ ಬಿಚ್ಚುವ ಕೊಕ್ಕೆಯಿಂದ
ಒಂದನ್ನು ಬಿಚ್ಚಿದೆ, ಹಳೇ ಪೇಪರಿನ ಮೇಲೆ.
ಮೇಲೆ ಜಾಳುಜಾಳು ಪ್ಲಾಸ್ಟಿಕ್ಕು,
ಕೆಳಗೆ ಹತ್ತಿಯಂತಿದ್ದು ಹತ್ತಿಯಲ್ಲದ್ದು
(ಹದಿನಾಲ್ಕು ವರ್ಷ ಬಟ್ಟೆ ಮುಟ್ಟಿದ ಬೆರಳು, ಮೋಸಹೋಗಲ್ಲ),
ನೀರು ಹನಿಸಿದರೆ ಸಬ್ಬಕ್ಕಿಯಂತೆ ಉಬ್ಬುವ ಕಾಳು,
ಹಳದಿ ಗೋಂದು.
ಮಲ್ಲಿಗೆ ಎಲ್ಲಿದೆಯೋ ಸಿಗಲಿಲ್ಲ.
ಇವೆಲ್ಲ ಕೆಟ್ಟವೇ? ನನಗೆ ಗೊತ್ತಿಲ್ಲ.
ಕೆಟ್ಟವಲ್ಲದಿದ್ದರೆ ಬರೆಯೋಕೇನು ಕಷ್ಟ?
ಹೆಬ್ಬೆರಳಗಲದ ಒಂದು ಪಟ್ಟಿ.
ಬೇಕಾದರೆ ನಾನೇ ಹೊಲಿದುಕೊಡ್ತೇನೆ,
ಗಂಟೆಗೆ ನೂರಿಪ್ಪತ್ತು.

ನಿದ್ದೆಗಣ್ಣಲ್ಲಿ ಮಗಳು ಎದ್ದು ಬಂದಳು.
ಅವಳಿಗೀಗ ಹನ್ನೊಂದು.
ಏನು ಹುಡುಕ್ತಿದ್ದೀಯ, ಕೇಳಿದಳು.
ಸೂಜಿ, ಅಂದೆ.
ಪಕ್ಕದಲ್ಲಿ ಕೂತು ಅವಳೂ ಹುಡುಕತೊಡಗಿದಳು,
ಬೆರಳಿಗೆ ಚುಚ್ಚದ ಹಾಗೆ, ಮೆಲ್ಲಗೆ.